ಆಟದ ಬಯಲೂ ಕಚೇರಿಯ ಬಾಗಿಲೂ

ನಮ್ಮ ಸೀಮೆಯ ಆಟದ ಬಯಲುಗಳ ಚರಿತ್ರೆಯನ್ನು ಹೇಳಹೊರಟರೆ ಕಚೇರಿಗಳ ಚರಿತ್ರೆಯನ್ನೂ ಹೇಳಬೇಕಾಗುತ್ತದೆ. ರಾಜ್ಯಗಳ ಪುನರ್ವಿಂಗಡಣೆಗೆ ಮೊದಲು ತಾಂಡೂರು ತಾಲೂಕು ಕಲಬುರ್ಗಿ ಜಿಲ್ಲೆಯಲ್ಲಿದ್ದಿತು; ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದುವು. 1956ರ ನವೆಂಬರ 1ರಂದು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದುವು. ಮುಂದೆ 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾಯಿತು, ತಾಂಡೂರು ಅದರೊಳಗಾಯಿತು. 1985ರಲ್ಲಿ ತಾಲೂಕುಗಳು ಹೋಗಿ ಮಂಡಲಗಳು ಬಂದುವು. 2014ರಲ್ಲಿ ತೆಲಂಗಾಣ ರಾಜ್ಯವೂ 2016ರಲ್ಲಿ ವಿಕಾರಾಬಾದು ಜಿಲ್ಲೆಯೂ ಉದಿಸಿದುವು. ಹೀಗೆ ನಾವು ಊರು ಬಿಟ್ಟು ಕದಲದಿದ್ದರೂ, ನಾವು ತಟ್ಟಬೇಕಾದ ಬಾಗಿಲು ಮಾತ್ರ ಮತ್ತೆ ಮತ್ತೆ ಬದಲಾಯಿತು.

ಇಂಥ ಸೀಮೆಯಲ್ಲಿ ಅಧಿಕಾರಿಯೊಬ್ಬರ ಬಾಯಿಮಾತಿನ ಅನುಗ್ರಹವನ್ನೇ ನಂಬಿದ ಕಾರ್ಯ ಅವರ ವರ್ಗಾವಣೆಯೊಡನೆ ಮರೆಯಾಗುವುದು ಸಹಜ. ದಫ್ತರದಲ್ಲಿ ದಾಖಲಾದ ನೆಲವಾದರೋ ಉಳಿಯುತ್ತದೆ.

ಕನ್ನಡನಾಡಿನ ದೊಡ್ಡ ನಿದರ್ಶನವೊಂದನ್ನು ಇಲ್ಲಿ ನೆನೆಯಬಹುದು. ಮಂಡ್ಯದ ವಕೀಲರಾದ ಶ್ರೀ ಎಂ. ಚಿನ್ನಸ್ವಾಮಿಯವರು ಕ್ರಿಕೆಟ್ ಸಂಸ್ಥೆಗಾಗಿ ದಶಕಗಳ ಕಾಲ ದುಡಿದರು. ಸರಕಾರದ ನೆರವಿನಿಂದ ಬೆಂಗಳೂರಿನ ಕ್ರೀಡಾಂಗಣಕ್ಕೆ 1969ರಲ್ಲಿ ಅಸ್ತಿಭಾರ ಬಿದ್ದಿತು; 1970ರಲ್ಲಿ ಕಟ್ಟಡದ ಕೆಲಸ ಮೊದಲಾಯಿತು. 1974ರ ನವೆಂಬರದಲ್ಲಿ ಅಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಅಸ್ತಿಭಾರದಿಂದ ಟೆಸ್ಟ್ ಪಂದ್ಯದವರೆಗೆ ಐದು ವರ್ಷ! ಅಂದು ಒಬ್ಬರು ಬಿಡದೆ ಬೆನ್ನುಹತ್ತಿದ್ದರಿಂದ ಇಂದು ಆ ಅಂಗಣ ಅವರ ಹೆಸರನ್ನೇ ಹೊತ್ತಿದೆ.

ನಮ್ಮ ಹಳ್ಳಿಗಳಿಗೆ ಅಷ್ಟು ದೊಡ್ಡ ಅಂಗಣ ಬೇಡ. ಕಬಡ್ಡಿಗೂ ಖೋಖೋವಿಗೂ ಸಮವಾದ ನೆಲ, ನಾಲ್ಕು ಗೆರೆ ಸಾಕು. 2022ರ ಜೂನಿನಲ್ಲಿ ತೆಲಂಗಾಣ ಸರಕಾರವು ಊರಿಗೊಂದರಂತೆ ಕ್ರೀಡಾ ಪ್ರಾಂಗಣಗಳನ್ನು ನಿರ್ಮಿಸುವ ಕಾರ್ಯವನ್ನು ಆರಂಭಿಸಿತು. ನೆಲ ಸಮಮಾಡುವ ಕೆಲಸಕ್ಕೆ ಉದ್ಯೋಗ ಖಾತರಿ ಯೋಜನೆಯ ಹಣ ಒದಗಿತು. ಆದರೂ ಕೆಲವೆಡೆ ಊರಿನಿಂದ ದೂರದ ಜಾಗ ದೊರೆತು, ಫಲಕ ಉಳಿದು ಆಟ ಉಳಿಯಲಿಲ್ಲ. ಅಧಿಕಾರಿಗಳು ನೆಲ ತೋರಿಸಬಲ್ಲರು. ಯಾವ ನೆಲದಲ್ಲಿ ಮಕ್ಕಳು ಸಂಜೆ ಸೇರುವರೆಂಬುದನ್ನು ಊರವರೇ ಹೇಳಬೇಕು.

ಆದುದರಿಂದ ನಾವು ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬೇಕು. ಬಳಿಕ ತಹಸೀಲ್ದಾರರಿಂದ ಭೂಮಿಯ ದಾಖಲೆಯನ್ನೂ ಮಂಡಲ ಪರಿಷತ್ತಿನಿಂದ ಕಾಮಗಾರಿಯ ಮಂಜೂರಾತಿಯನ್ನೂ ಲಿಖಿತವಾಗಿ ಪಡೆಯಬೇಕು. ಅರ್ಜಿಯನ್ನು ತೆಲುಗಿನಲ್ಲಿ ಬರೆದರೆ ನಮ್ಮ ಕನ್ನಡಕ್ಕೆ ಕುಂದಿಲ್ಲ. ಕನ್ನಡದ ಹುಡುಗನೂ ತೆಲುಗಿನ ಹುಡುಗನೂ ಒಂದೇ ಉಸಿರಿನಲ್ಲಿ ಕಬಡ್ಡಿ ಕೂಗುವ ಬಯಲು ಅದು. ಊರವರೆಲ್ಲ ಜೊತೆಯಾಗಿ ಹೋದಾಗ ಕಚೇರಿಯ ಬಾಗಿಲು ಬೇಗ ತೆರೆಯುತ್ತದೆ.