ಪರದೆಯ ಚುಕ್ಕೆಗಳು, ಓದುವ ಕಣ್ಣು

ದೊಡ್ಡ ಮಾನಿಟರ್ ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಎರಡು ಲೆಕ್ಕ. ಮೂಲೆಯಿಂದ ಮೂಲೆಗೆ ಎಷ್ಟು ಇಂಚು ಎಂಬುದು ಒಂದು. ಅಗಲಕ್ಕೆಷ್ಟು, ಎತ್ತರಕ್ಕೆಷ್ಟು ಪಿಕ್ಸೆಲ್ ಎಂದು ಹೇಳುವ ರೆಸಲ್ಯೂಶನ್ ಇನ್ನೊಂದು: 1920×1080, 2560×1440, 3840×2160. ಇಷ್ಟು ಖಚಿತವಾದ ಅಂಕಿಗಳನ್ನು ಕಂಡಾಗ, ಯಾರೋ ತಜ್ಞರು ಮನುಷ್ಯನ ಕಣ್ಣಿನ ಶಕ್ತಿಯನ್ನು ಅಳೆದು, ಮೇಜಿನ ಮುಂದೆ ಕೂತವನಿಗೆ ಇಷ್ಟು ಚುಕ್ಕೆ ಸಾಕು ಎಂದು ತೀರ್ಮಾನಿಸಿರಬೇಕು ಎಂದು ನಂಬುವುದು ಸಹಜ. ಈ ಅಂಕಿಗಳ ಹುಟ್ಟನ್ನು ಹುಡುಕುತ್ತಾ ಹೋದರೆ ಸಿಗುವುದು ಬೇರೆಯೇ ಸಂಗತಿ. ಅವುಗಳಲ್ಲಿ ಒಂದನ್ನು ಮೆಮೊರಿ ಚಿಪ್ಪಿನ ಬೆಲೆ ನಿರ್ಧರಿಸಿತು, ಇನ್ನೊಂದನ್ನು ಟೆಲಿವಿಷನ್ ನಿರ್ಧರಿಸಿತು, ಮತ್ತೊಂದನ್ನು ಗಾಜಿನ ಹಾಳೆ ಕತ್ತರಿಸುವ ಕಾರ್ಖಾನೆ ನಿರ್ಧರಿಸಿತು. ಓದುವವನ ಕಣ್ಣನ್ನು ಕೇಳಿದ್ದು ತೀರಾ ಈಚೆಗೆ. ದೊಡ್ಡ ಪರದೆಗೆ ಸರಿಯಾದ ರೆಸಲ್ಯೂಶನ್ ಯಾವುದು ಎಂಬ ಪ್ರಶ್ನೆ ಇಂದಿಗೂ ಗೊಂದಲವಾಗಿ ಉಳಿದಿರುವುದಕ್ಕೆ ಈ ಚರಿತ್ರೆಯೇ ಕಾರಣ ಎಂಬುದು ನನ್ನ ವಾದ.

ಆರಂಭ ಮಾತ್ರ ಚೆನ್ನಾಗಿಯೇ ಇತ್ತು. 1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಎಂಬ ಕಂಪ್ಯೂಟರ್ ಸಿದ್ಧವಾಯಿತು. ಅದರ ಪರದೆ ನಿಂತ ಆಕಾರದ್ದು: ಅಗಲ 606 ಚುಕ್ಕೆ, ಎತ್ತರ 808. ಕಾಗದದ ಒಂದು ಪುಟ ಹೇಗೆ ಕಾಣುತ್ತದೋ ಹಾಗೆಯೇ ಪರದೆಯೂ ಕಾಣಬೇಕು ಎಂಬುದು ಅದನ್ನು ಕಟ್ಟಿದವರ ಹಂಬಲ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಒಂದು ಚುಕ್ಕೆಗೆ ಒಂದೇ ಬಿಟ್ ಎಂದು ಹಿಡಿದರೂ ಪರದೆಯೊಂದಕ್ಕೇ ಸುಮಾರು 60 ಕಿಲೋಬೈಟ್ ಬೇಕಿತ್ತು. ಯಂತ್ರದ ಒಟ್ಟು ಮೆಮೊರಿ ಇದ್ದದ್ದು 128 ಕಿಲೋಬೈಟ್. ಅರ್ಧದಷ್ಟು ಮೆಮೊರಿಯನ್ನು ಕಣ್ಣಿಗಾಗಿ ಮೀಸಲಿಡುವ ಧೈರ್ಯ ಮಾರುಕಟ್ಟೆಗೆ ಯಂತ್ರ ಬಿಡುವವರಿಗೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ಬಣ್ಣದ ಕಾರ್ಡನ್ನು, ಅಂದರೆ ಸಿಜಿಎಯನ್ನು ನೋಡಿ. ಅದರಲ್ಲಿದ್ದದ್ದು 16 ಕಿಲೋಬೈಟ್ ಮೆಮೊರಿ. ಅದು ತೋರಿಸುತ್ತಿದ್ದದ್ದು 640×200 ಚುಕ್ಕೆ. ಗುಣಿಸಿ ಎಂಟರಿಂದ ಭಾಗಿಸಿದರೆ 16,000 ಬೈಟ್. ನಾಲ್ಕು ಬಣ್ಣ ಬೇಕೆಂದರೆ ಅಗಲವನ್ನು 320ಕ್ಕೆ ಇಳಿಸಬೇಕು. ಆಗಲೂ ಲೆಕ್ಕ 16,000 ಬೈಟಿಗೇ ಬಂದು ನಿಲ್ಲುತ್ತದೆ. ಚಿಪ್ಪಿನೊಳಗೆ ಹಿಡಿಸುವಷ್ಟು ಚುಕ್ಕೆ, ಅಷ್ಟೇ. 1984ರ ಮ್ಯಾಕಿಂಟಾಷ್ ಒಂಬತ್ತು ಇಂಚಿನ ಪರದೆಯಲ್ಲಿ 512×342 ಚುಕ್ಕೆ ಇಟ್ಟುಕೊಂಡು, ಇಂಚಿಗೆ 72 ಎಂಬ ಸಾಂದ್ರತೆಯನ್ನು ಆರಿಸಿಕೊಂಡಿತು. ಮುದ್ರಣಕಾರರ ಒಂದು ಪಾಯಿಂಟಿಗೆ ಒಂದು ಚುಕ್ಕೆ ಹೊಂದುವಂತೆ ಮಾಡಿದ ಈ ಆಯ್ಕೆಯ ಹಿಂದೆ ಪುಟದ ನೆನಪಿತ್ತು. ಆದರೆ ಪರದೆ ಅಂಗೈಯಗಲದ್ದು.

ಮೆಮೊರಿ ಅಗ್ಗವಾಗುತ್ತಾ ಬಂದಂತೆ ಯಜಮಾನಿಕೆ ಟೆಲಿವಿಷನ್ನಿನ ಕೈಗೆ ಹೋಯಿತು. ಅಮೆರಿಕದ ಟೀವಿ ಪದ್ಧತಿಯಲ್ಲಿ ಇದ್ದದ್ದು 525 ಸಾಲು, ಅದರಲ್ಲಿ ಚಿತ್ರಕ್ಕೆ ದಕ್ಕುತ್ತಿದ್ದದ್ದು ಸುಮಾರು 480. 1987ರಲ್ಲಿ ಐಬಿಎಂ ತಂದ ವಿಜಿಎ 640×480 ಆದದ್ದು ಆಕಸ್ಮಿಕವಲ್ಲ. ಅದು ಸಾಲು ಎಳೆಯುವ ವೇಗ ಆ ಟೀವಿಯ ವೇಗದ ಸರಿಯಾಗಿ ಎರಡರಷ್ಟು. 1920×1080 ಕೂಡ ಹೈ ಡೆಫಿನಿಷನ್ ಟೀವಿಗಾಗಿ ದೇಶದೇಶಗಳು ಒಪ್ಪಿಕೊಂಡ ಅಳತೆಯೇ ಹೊರತು ಕಂಪ್ಯೂಟರಿನವರು ಕೇಳಿ ಮಾಡಿಸಿದ್ದಲ್ಲ. ಕೋಣೆಯ ಆಚೆ ಬದಿಯಲ್ಲಿ ಇಡುವ ಪೆಟ್ಟಿಗೆಗೆಂದು ಮಾಡಿದ ಅಳತೆ ಮೊಳದೂರದ ಮೇಜಿಗೆ ಬಂದು ಕೂತಿತು. ಅದಕ್ಕೂ ಮುಂಚೆ 24 ಇಂಚಿನ ಒಳ್ಳೆಯ ಮಾನಿಟರುಗಳಲ್ಲಿ 1920×1200 ಸಾಮಾನ್ಯವಾಗಿತ್ತು. ಸುಮಾರು 2008ರಿಂದ ಪ್ಯಾನೆಲ್ ಕಾರ್ಖಾನೆಗಳು 16:9 ಆಕಾರಕ್ಕೆ ತಿರುಗಿದವು. ಟೀವಿಗೂ ಮಾನಿಟರಿಗೂ ಒಂದೇ ಆಕಾರವಾದರೆ ಗಾಜಿನ ಹಾಳೆ ಕತ್ತರಿಸುವುದರಲ್ಲಿ ಉಳಿತಾಯ. ಓದುವವರು ಕಳೆದುಕೊಂಡದ್ದು 120 ಸಾಲು. ಪೆಟ್ಟಿಗೆಯ ಮೇಲೆ 24 ಇಂಚು ಎಂಬುದು ಹಾಗೆಯೇ ಇದ್ದರೂ ಪರದೆಯ ವಿಸ್ತೀರ್ಣ ಶೇಕಡ 5ರಷ್ಟು ಕುಗ್ಗಿತು. ಇದನ್ನು ಪ್ರಗತಿ ಎಂದು ಮಾರಿದರು ಎಂಬುದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ಓದಲು, ಬರೆಯಲು, ಲೆಕ್ಕದ ಹಾಳೆ ನೋಡಲು ಬೇಕಾದದ್ದು ಎತ್ತರ. ಕೊಟ್ಟದ್ದು ಸಿನಿಮಾದ ಅಗಲ.

ಈ ಕೊರತೆಯ ಪೆಟ್ಟು ಎಲ್ಲ ಲಿಪಿಗಳಿಗೂ ಒಂದೇ ಸಮನಾಗಿ ಬೀಳಲಿಲ್ಲ. ಸಿಜಿಎ ಪರದೆಯಲ್ಲಿ 80 ಅಕ್ಷರಗಳ 25 ಸಾಲು ತೋರಿಸಬೇಕೆಂದರೆ ಒಂದೊಂದು ಅಕ್ಷರಕ್ಕೆ ಸಿಗುವುದು 8×8 ಚುಕ್ಕೆಯ ಮನೆ. ಇಂಗ್ಲಿಷಿನ ಅಕ್ಷರ ಅದರಲ್ಲಿ ಹೇಗೋ ಕೂರುತ್ತದೆ. ಕನ್ನಡದಲ್ಲಿ ತಲೆಕಟ್ಟು ಮೇಲೆ, ಅಕ್ಷರದ ಒಡಲು ನಡುವೆ, ಒತ್ತು ಕೆಳಗೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತು. ಎಂಟು ಸಾಲಿನಲ್ಲಿ ಈ ಮೂರು ಅಂತಸ್ತು ಕಟ್ಟುವುದು ಆಗದ ಮಾತು. ಒತ್ತಿಲ್ಲದ ಕಡೆಯೂ ಕಷ್ಟವೇ: ಪ ಮತ್ತು ಷ ನಡುವಿನ ವ್ಯತ್ಯಾಸ ಒಳಗಿನ ಒಂದು ಗೆರೆ, ದ ಮತ್ತು ಧ ನಡುವಿನದು ಬುಡದಲ್ಲಿನ ಒಂದು ಸೀಳು. ಆ ಸೀಳಿಗೆ ಒಂದು ಚುಕ್ಕೆಯಾದರೂ ಸಿಗದಿದ್ದರೆ ಅಲ್ಪಪ್ರಾಣ, ಮಹಾಪ್ರಾಣ ಎರಡೂ ಒಂದೇ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತದ ಲಿಪಿಗಳಿಗೆಂದೇ ಪಿಸಿಯೊಳಗೆ ಪ್ರತ್ಯೇಕ ಕಾರ್ಡ್ ಹಾಕಬೇಕಾಗಿ ಬಂದದ್ದು ಇಂಥ ಸ್ಥಿತಿಯಲ್ಲಿ. ಮುಂದೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂದಾಗಲೂ ಲೇಸರ್ ಪ್ರಿಂಟರ್ ಇಂಚಿಗೆ 300 ಚುಕ್ಕೆ ಒತ್ತುತ್ತಿದ್ದರೆ ಪರದೆ ತೋರಿಸುತ್ತಿದ್ದದ್ದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಕರಡು ತಿದ್ದಬೇಕೆಂದರೆ ಕಾಗದದ ಮೇಲೆ ಪ್ರತಿ ತೆಗೆಯುವುದೇ ವಾಸಿ ಎನ್ನುವಂತಾದದ್ದು ಬರೀ ಅಭ್ಯಾಸಬಲದಿಂದಲ್ಲ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ಬಂತು, ಅದರ ಜೊತೆಯಲ್ಲೇ ಕ್ಲಿಯರ್‌ಟೈಪ್ ಎಂಬ ತಂತ್ರವೂ ಬಂತು. ಎಲ್‌ಸಿಡಿಯ ಪ್ರತಿ ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುವುದು ಅದರ ಉಪಾಯ. ಪಟ್ಟಿಗಳು ಪಕ್ಕಪಕ್ಕದಲ್ಲಿ ಇರುವುದರಿಂದ ಲಾಭ ಆದದ್ದು ಅಡ್ಡಕ್ಕೆ ಮಾತ್ರ. ಮೇಲಿನಿಂದ ಕೆಳಕ್ಕೆ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿಯೇ ಉಳಿದವು. ರೋಮನ್ ಲಿಪಿಯ ನೆಟ್ಟಗಿನ ಕಂಬಗಳಿಗೆ ಇದು ವರವಾಯಿತು. ದುಂಡಗಿನ ಅಕ್ಷರ, ಕೆಳಗೆ ತೂಗುವ ಒತ್ತು, ಇವುಗಳ ಕಷ್ಟವೆಲ್ಲ ಇದ್ದದ್ದು ಎತ್ತರದಲ್ಲಿ. ಹೀಗಾಗಿ ಕಡಿಮೆ ಚುಕ್ಕೆಗಳನ್ನು ಜಾಣತನದಿಂದ ಬಳಸುವ ಉಪಾಯಗಳು ಕನ್ನಡ ಓದುಗನಿಗೆ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬಂದವು. ಚುಕ್ಕೆಗಳನ್ನೇ ಸಣ್ಣದಾಗಿಸಿ ಹೆಚ್ಚಿಸುವುದೊಂದೇ ಪೂರ್ತಿ ಪರಿಹಾರ.

ಹಾಗೆ ಹೆಚ್ಚಿಸಲು ಸಾಧ್ಯ ಎಂಬುದು ಅದೇ 2001ರಲ್ಲಿ ಸಾಬೀತಾಗಿತ್ತು. ಐಬಿಎಂನ ಟಿ220, ಅದರ ಬೆನ್ನಿಗೇ ಟಿ221 ಮಾನಿಟರುಗಳು 22.2 ಇಂಚಿನೊಳಗೆ 3840×2400 ಚುಕ್ಕೆ, ಅಂದರೆ 92 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಕೂರಿಸಿದ್ದವು, ಇಂಚಿಗೆ 204. ಇಂದಿನ ಬಹುಪಾಲು ಮಾನಿಟರುಗಳಿಗೂ ಇಲ್ಲದ ಸಾಂದ್ರತೆ ಅದು. ವಿಪರೀತ ಬೆಲೆ, ಒಂದೇ ಕೇಬಲ್ ಅಷ್ಟು ಚುಕ್ಕೆಗಳನ್ನು ಹೊತ್ತು ತರಲಾರದ ತೊಡಕು, ಇವೆರಡೂ ಅದನ್ನು ಹಿಂದಕ್ಕೆ ಎಳೆದವು ನಿಜ. ಅದಕ್ಕಿಂತ ಆಳದ ಕಾರಣ ಸಾಫ್ಟ್‌ವೇರಿನಲ್ಲಿತ್ತು. ವಿಂಡೋಸ್ ಬಹುಕಾಲದಿಂದ ಇಂಚಿಗೆ 96 ಚುಕ್ಕೆ ಎಂದು ಹಿಡಿದೇ ನಡೆಯುತ್ತಿತ್ತು; ಮೆನು, ಗುಂಡಿ, ಅಕ್ಷರ ಎಲ್ಲವನ್ನೂ ಚುಕ್ಕೆಯ ಲೆಕ್ಕದಲ್ಲೇ ಬರೆಯುವುದು ರೂಢಿ. 16 ಚುಕ್ಕೆ ಎತ್ತರದ ಅಕ್ಷರ 96ರ ಪರದೆಯಲ್ಲಿ ನಾಲ್ಕು ಮಿಲಿಮೀಟರಿಗೆ ತುಸು ಹೆಚ್ಚು, 204ರ ಪರದೆಯಲ್ಲಿ ಎರಡೇ ಮಿಲಿಮೀಟರ್. ಪರದೆ ಸೂಕ್ಷ್ಮವಾದಷ್ಟೂ ಅಕ್ಷರ ಇರುವೆಯಾಗುತ್ತದೆ ಎಂಬ ಭಯ ಜನರ ಮನಸ್ಸಿನಲ್ಲಿ ಬೇರೂರಿದ್ದು ಹೀಗೆ.

ಆ ಭಯವನ್ನು ಬಿಡಿಸಿದ್ದು ಫೋನು. 2010ರ ಐಫೋನ್ 4 ಇಂಚಿಗೆ 326 ಚುಕ್ಕೆ ಕೊಟ್ಟಿತು. ಹಳೆಯ ಒಂದು ಚುಕ್ಕೆಯ ಜಾಗದಲ್ಲಿ ನಾಲ್ಕನ್ನು ಇಟ್ಟು, ಅಕ್ಷರದ ಗಾತ್ರವನ್ನು ಇದ್ದಂತೆಯೇ ಉಳಿಸಿಕೊಂಡದ್ದು ಅದರ ಗುಟ್ಟು. ಕೈಯಲ್ಲಿ ಹಿಡಿದ ದೂರದಿಂದ ಚುಕ್ಕೆಗಳು ಬೇರೆಬೇರೆಯಾಗಿ ಕಾಣಬಾರದು ಎಂಬುದನ್ನೇ ಆಧಾರವಾಗಿಟ್ಟು ಸಾಂದ್ರತೆಯನ್ನು ಸಮರ್ಥಿಸಿದ್ದು ಜನಸಾಮಾನ್ಯರ ಕಿವಿಗೆ ಬಿದ್ದದ್ದು ಆಗಲೇ. ಕಣ್ಣಿನ ಲೆಕ್ಕ ಹೊಸದೇನಲ್ಲ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಪಟ್ಟಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು ಗುರುತಿಸಬಲ್ಲ ಕಣ್ಣನ್ನು ಸರಿಯಾದ ಕಣ್ಣು ಎಂದು ಹಿಡಿಯಿತು. 60 ಸೆಂಟಿಮೀಟರ್ ದೂರದಲ್ಲಿ ಇದು 0.17 ಮಿಲಿಮೀಟರ್, ಎಂದರೆ ಇಂಚಿಗೆ ಸುಮಾರು 145 ಚುಕ್ಕೆ. ಮಾರುಕಟ್ಟೆಯ ಅಂಕಿಗಳನ್ನು ಈ ಅಳತೆಗೋಲಿನ ಪಕ್ಕದಲ್ಲಿಟ್ಟರೆ ಚಿತ್ರ ತಿಳಿಯಾಗುತ್ತದೆ. 27 ಇಂಚಿನಲ್ಲಿ 1920×1080 ಎಂದರೆ ಇಂಚಿಗೆ 82. 1987ರ ಸುತ್ತಿನ ಪರದೆಗಳಿಗಿಂತ ಬಹಳ ಮುಂದೆ ಹೋದಂತಲ್ಲ. ಅದೇ ಗಾತ್ರದಲ್ಲಿ 2560×1440 ಕೊಡುವುದು 109. 3840×2160 ಕೊಡುವುದು 163. ಪರದೆ 32 ಇಂಚಿಗೆ ಹಿಗ್ಗಿದರೆ 1440 ಸಾಲಿನದು ಮತ್ತೆ 92ಕ್ಕೆ ಇಳಿಯುತ್ತದೆ, 2160 ಸಾಲಿನದು 138ರಲ್ಲಿ ನಿಲ್ಲುತ್ತದೆ. ದೊಡ್ಡ ಪರದೆಯಿಂದ ಜನ ತುಸು ಹಿಂದೆ ಸರಿದು ಕೂರುವುದರಿಂದ 138 ಕೂಡ ಕಣ್ಣಿನ ಗೆರೆಯ ಹತ್ತಿರವೇ.

ಇಷ್ಟು ಹೇಳಿದ ಕೂಡಲೇ ಬರುವ ಆಕ್ಷೇಪಣೆ: 145 ದಾಟಿದ ಮೇಲೆ ಕಣ್ಣಿಗೆ ಕಾಣದ ಚುಕ್ಕೆಗಳಿಗೆ ದುಡ್ಡು ಕೊಡುವುದೇಕೆ? ಸ್ನೆಲೆನ್‌ನ ಗೆರೆ ಕಣ್ಣಿನ ಕೊನೆಯ ಮಿತಿಯಲ್ಲ, ಪರೀಕ್ಷೆಗೆಂದು ಇಟ್ಟ ಒಂದು ಮಟ್ಟ. ಆರೋಗ್ಯವಂತ ಎಳೆಯ ಕಣ್ಣುಗಳು ಅದನ್ನು ಸಲೀಸಾಗಿ ಮೀರುತ್ತವೆ. ಅದಲ್ಲದೆ ಎರಡು ಗೆರೆ ಒಂದಕ್ಕೊಂದು ನೇರವಾಗಿವೆಯೋ ಚೂರು ಸರಿದಿವೆಯೋ ಎಂದು ಗುರುತಿಸುವುದರಲ್ಲಿ ಕಣ್ಣು ಇದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ. ಇಂಥ ಶಕ್ತಿಗೆ ಜೆರಾಲ್ಡ್ ವೆಸ್ಟ್‌ಹೈಮರ್ 1975ರಲ್ಲಿ ಹೈಪರ್‌ಅಕ್ಯುಯಿಟಿ ಎಂದು ಹೆಸರಿಟ್ಟರು. ಬಾಗಿದ ಅಂಚಿನಲ್ಲಿ ಮೆಟ್ಟಿಲು ಮೂಡಿದಾಗ ಅದು ಕಣ್ಣಿಗೆ ಚುಚ್ಚುವುದು ಈ ಕಾರಣದಿಂದ. ಗೆರೆಗಳೆಲ್ಲ ಬಾಗಿಯೇ ಸಾಗುವ ಲಿಪಿಯನ್ನು ದಿನವಿಡೀ ಓದುವವರಿಗೆ 109ರಿಂದ 163ಕ್ಕೆ ಹೋಗುವುದು ದುಂದು ಎಂದು ನಾನು ಒಪ್ಪಲಾರೆ.

ಗೇಮ್ ಆಡುವವರ ಆಕ್ಷೇಪಣೆಗೆ ಮಾತ್ರ ತೂಕವಿದೆ. 3840×2160ರಲ್ಲಿ ಇರುವುದು 83 ಲಕ್ಷ ಚುಕ್ಕೆ, 1920×1080ರ ನಾಲ್ಕು ಪಟ್ಟು. ಪ್ರತಿ ಸೆಕೆಂಡಿಗೆ ನೂರಾರು ಸಲ ಅಷ್ಟನ್ನೂ ಬಿಡಿಸಲು ಗ್ರಾಫಿಕ್ಸ್ ಕಾರ್ಡಿಗೆ ಕಸುವು ಬೇಕು. ಓಡುವ ಚಿತ್ರದಲ್ಲಿ ಅಂಚಿನ ಸೂಕ್ಷ್ಮಕ್ಕಿಂತ ವೇಗವೇ ಮುಖ್ಯ, ಹಾಗಾಗಿ ಅವರಿಗೆ 27 ಇಂಚಿನಲ್ಲಿ 1440 ಸಾಲು ನ್ಯಾಯವಾದ ಆಯ್ಕೆ. 43 ಇಂಚಿನ 4ಕೆ (3840×2160) ಪರದೆಯನ್ನು ಮೇಜಿಗೆ ತರುವವರದು ಇನ್ನೊಂದು ದಾರಿ: ಇಂಚಿಗೆ 102 ಚುಕ್ಕೆ, ಅಕ್ಷರದ ನಯ ಹೆಚ್ಚುವುದಿಲ್ಲ, ಜಾಗ ಮಾತ್ರ ಸಮೃದ್ಧ. ಹತ್ತಾರು ಕಿಟಕಿಗಳನ್ನು ಒಟ್ಟಿಗೆ ತೆರೆದು ನೋಡುವ ಕೆಲಸಕ್ಕೆ ಅದು ಒಪ್ಪುತ್ತದೆ. ವಯಸ್ಸಾದ ಕಣ್ಣಿಗೆ ಕಡಿಮೆ ಚುಕ್ಕೆಯೇ ಹಿತ ಎಂಬ ಮಾತಿನಲ್ಲಿ ಮಾತ್ರ ಹುರುಳಿಲ್ಲ. ಅದು ಇಂಚಿಗೆ 96 ಚುಕ್ಕೆಯ ಕಾಲದ ಭಯ. ಇಂದು ಪರದೆಯ ಮೇಲಿನದ್ದನ್ನೆಲ್ಲ ಹಿಗ್ಗಿಸುವ ಸ್ಕೇಲಿಂಗನ್ನು ಶೇಕಡ 150ಕ್ಕೋ 175ಕ್ಕೋ ಏರಿಸಿದರೆ ಅಕ್ಷರ ದೊಡ್ಡದಾಗುವುದರ ಜೊತೆಗೆ ಸ್ಫುಟವೂ ಆಗುತ್ತದೆ. ಸ್ಫುಟವಾದ ದೊಡ್ಡ ಅಕ್ಷರ ಮಸುಕಾದ ದೊಡ್ಡ ಅಕ್ಷರಕ್ಕಿಂತ ಯಾವ ವಯಸ್ಸಿನ ಕಣ್ಣಿಗೂ ಲೇಸು.

ಸ್ಕೇಲಿಂಗ್ ಪೂರ್ಣ ಸಂಖ್ಯೆಯ ಪಟ್ಟು ಅಲ್ಲದಿದ್ದಾಗ ಹಳೆಯ ತಂತ್ರಾಂಶಗಳು ಮಸುಕಾಗುತ್ತವೆ ಎಂಬ ದೂರು ಉಳಿದಿದೆ, ಅದು ಸತ್ಯವೂ ಹೌದು. ಇದಕ್ಕೆ ಆ್ಯಪಲ್ ಕಂಡುಕೊಂಡ ಉತ್ತರವನ್ನು ಗಮನಿಸಬೇಕು. 2014ರ 27 ಇಂಚಿನ ಐಮ್ಯಾಕ್‌ಗೆ ಅದು 5120×2880 ಕೊಟ್ಟಿತು. ಇಂಚಿಗೆ 218, ಹಳೆಯ 109ರ ಸರಿಯಾಗಿ ಎರಡು ಪಟ್ಟು. 2019ರಲ್ಲಿ 32 ಇಂಚಿನ ಮಾನಿಟರ್ ತಂದಾಗ ಅದೇ 218ನ್ನು ಉಳಿಸಿಕೊಳ್ಳಲು 6016×3384 ಎಂಬ, ಯಾವ ಟೀವಿ ಪದ್ಧತಿಯಲ್ಲೂ ಇಲ್ಲದ ಅಂಕಿಯನ್ನು ಮಾಡಿಕೊಂಡಿತು. 2021ರ 24 ಇಂಚಿನ ಯಂತ್ರದಲ್ಲಿ ಅದೇ ಕಾರಣಕ್ಕೆ 4480×2520. ಅಕ್ಷರ ಕಣ್ಣಿಗೆ ಎಷ್ಟು ದೊಡ್ಡದಾಗಿ, ಎಷ್ಟು ನಯವಾಗಿ ಕಾಣಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಚುಕ್ಕೆಗಳ ಎಣಿಕೆಯನ್ನು ಅಲ್ಲಿಂದ ಹುಟ್ಟಿಸಿದ ಅಂಕಿಗಳಿವು. ಉಳಿದ ತಯಾರಕರಲ್ಲಿ ಬಹುಮಂದಿ ಈ ದಾರಿಗೆ ಬರದೆ ಟೀವಿಯ ಅಳತೆಯನ್ನೇ 27ಕ್ಕೂ 32ಕ್ಕೂ 43ಕ್ಕೂ ಹಿಗ್ಗಿಸುತ್ತಿರುವುದಕ್ಕೆ ಕಾರಣ ಬೆಲೆ: ಲಕ್ಷಾಂತರ ಟೀವಿಗಳು ಕೊಳ್ಳುವ ಅಂಕಿ ಅಗ್ಗ, ಓದುವವರಿಗಾಗಿಯೇ ಮಾಡಿದ ಅಂಕಿ ದುಬಾರಿ.