ಕರ್ನಾಟಕದಲ್ಲಿ ಫುಟ್‌ಬಾಲ್

ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಬಹುಮಟ್ಟಿಗೆ ಬೆಂಗಳೂರು ದಂಡಿನ ಚರಿತ್ರೆಯೇ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರು ದಂಡು ಹೂಡಿದರು. ಅಲ್ಲಿ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಮುಂದೆ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರಗಳ ಹುಡುಗರು ಬರಿಗಾಲಲ್ಲೇ ಕಲಿತರು. ಹೀಗೆ ಕಲಿತವರು ಒಂದು ಕಾಲಕ್ಕೆ ಭಾರತ ತಂಡದ ಬೆನ್ನೆಲುಬಾಗಿದ್ದರು. ಇಷ್ಟಾದರೂ ನಾಡಿನ ಮನೆಮಾತಾದದ್ದು ಕ್ರಿಕೆಟ್, ಫುಟ್‌ಬಾಲ್ ಅಲ್ಲ. ಅಮೆರಿಕದಲ್ಲೂ ಈ ಆಟಕ್ಕೆ ಇಂಥದೇ ಪಾಡು ಬಂದಿದೆ. ಎರಡೂ ಕಡೆ ಜನರಿಗೆ ಆಟ ರುಚಿಸಲಿಲ್ಲ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಸರಿಯಲ್ಲ. ಆಟಕ್ಕೆ ಅನ್ನ ಹಾಕುತ್ತಿದ್ದ ಆಸರೆಗಳು ಒಂದೊಂದಾಗಿ ಕಳಚಿದವು; ಜನರ ಮನಸ್ಸಿನಲ್ಲಿ ಅದು ತೆರವು ಮಾಡಿದ ಜಾಗವನ್ನು ಬೇರೆ ಆಟ ತುಂಬಿತು.

ಮೊದಲ ದೊಡ್ಡ ಹೆಸರು ಬೆಂಗಳೂರು ಮುಸ್ಲಿಮ್ಸ್ ತಂಡದ್ದು. ಮುಂಬಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ಬ್ರಿಟಿಷ್ ಪಲ್ಟನುಗಳ ಸೊತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇದು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಅಹ್ಮದ್ ಖಾನ್, ಎಸ್. ರಾಮನ್, ವಜ್ರವೇಲು, ಧನರಾಜ್ ಮೊದಲಾಗಿ ಬೆಂಗಳೂರಿನ ಆಟಗಾರರ ಒಂದು ಗುಂಪೇ ಇತ್ತು. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ, 1–2ರಿಂದ ಸೋತರು. ಆ ಒಂದು ಗೋಲು ಹೊಡೆದವರು ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊತ್ತಮೊದಲ ಗೋಲು ಅದು. ಇಂಥ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲದಿರುವುದು ನೋವಿನ ಸಂಗತಿ.

ರಾಮನ್ ಅವರ ಹೆಸರು ಮರೆಯಾದದ್ದಕ್ಕೂ ಆಟ ಹಿಂದೆ ಬಿದ್ದದ್ದಕ್ಕೂ ಸಂಬಂಧವಿದೆ. ದಂಡು ಬ್ರಿಟಿಷ್ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದಲ್ಲಿತ್ತು. ಎರಡೂ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಫುಟ್‌ಬಾಲ್ ಬೇರುಬಿಟ್ಟದ್ದು ದಂಡಿನ ತಮಿಳು, ಉರ್ದು ಮನೆಮಾತಿನ ದುಡಿಯುವ ಕುಟುಂಬಗಳಲ್ಲಿ. ಪೇಟೆಯ ಕನ್ನಡ ಓದುಗರಿಗೆ ಆ ಮೈದಾನ ಹತ್ತಿರವಿದ್ದೂ ದೂರವಿತ್ತು. ಇದರ ಜೊತೆಗೆ, ಒಳ್ಳೆಯ ಆಟಗಾರರನ್ನು ಕಲ್ಕತ್ತ ಕರೆದುಕೊಂಡಿತು. ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರ ಪೈಕಿ; ಕೆಂಪಯ್ಯ, ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಆಡಿದರು. ಕೆಂಪಯ್ಯ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿದ್ದರು, ಅರುಮೈನಾಯಗಂ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿ. ಊರಿನ ಹುಡುಗನ ಆಟ ನೋಡುವ ಭಾಗ್ಯ ವರ್ಷದ ಬಹುಪಾಲು ಬೇರೆ ಊರಿನವರದಾಯಿತು.

ಆದರೂ ಮೈಸೂರು ರಾಜ್ಯ ನಾಲ್ಕು ಬಾರಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು: 1946–47, 1952–53, 1967–68, 1968–69. ಕೊನೆಯ ಎರಡು ಫೈನಲ್‌ಗಳಲ್ಲಿ ಸೋತದ್ದು ಬಂಗಾಳವೇ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಆ ಋತುವಿನಲ್ಲೇ, 1974ರಲ್ಲಿ, ಪ್ರಸನ್ನ ನಾಯಕತ್ವದ ಕ್ರಿಕೆಟ್ ತಂಡ ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನಲ್ಲಿ ಮಣಿಸಿ ಮೊದಲ ರಣಜಿ ಟ್ರೋಫಿ ತಂದಿತು. ಹೊಸ ಹೆಸರಿನ ನಾಡಿಗೆ ಹೆಮ್ಮೆ ಪಡಲು ಸಿಕ್ಕಿದ್ದು ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದ ರೋಜರ್ ಬಿನ್ನಿಯ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು.

ಇತ್ತ ಆಟಗಾರನ ಹೊಟ್ಟೆಪಾಡು ನಿಂತಿದ್ದದ್ದು ಎಚ್‌ಎಎಲ್, ಐಟಿಐ, ಬಿಇಎಂಎಲ್‌ನಂಥ ಕಾರ್ಖಾನೆಗಳ ಕ್ರೀಡಾ ಕೋಟಾದ ನೌಕರಿಯ ಮೇಲೆ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ಸಂಜೆ ಲೀಗ್ ಪಂದ್ಯ. ತಿಂಗಳ ಕೊನೆಗೆ ಸಂಬಳ. ನೇಮಕಾತಿ ಕಮ್ಮಿಯಾದಂತೆ ಮಗನನ್ನು ಮೈದಾನಕ್ಕೆ ಕಳಿಸಲು ತಂದೆ–ತಾಯಿಗೆ ಇದ್ದ ಧೈರ್ಯವೂ ಕಮ್ಮಿಯಾಯಿತು. 2011–12ರಲ್ಲಿ ಎಚ್‌ಎಎಲ್ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ನಿಂದ ಕೆಳಗಿಳಿಯಿತು.

ಅಮೆರಿಕದ ಕಥೆ ಇದಕ್ಕೆ ತೀರ ಹತ್ತಿರ. ಅಲ್ಲೂ ಆಟವನ್ನು ಸಾಕಿದ್ದು ವಲಸೆ ಬಂದ ಕಾರ್ಮಿಕರು ಮತ್ತು ಕಾರ್ಖಾನೆಗಳು. 1921ರಲ್ಲಿ ಶುರುವಾದ ಲೀಗ್‌ನಲ್ಲಿ ಬೆತ್ಲೆಹೆಮ್ ಸ್ಟೀಲ್ ಎಂಬ ಉಕ್ಕಿನ ಕಾರ್ಖಾನೆಯ ತಂಡ ಮೆರೆಯಿತು. ಸಂಘಟಕರ ಒಳಜಗಳ, ಆರ್ಥಿಕ ಮುಗ್ಗಟ್ಟು ಸೇರಿ 1930ರಲ್ಲಿ ತಂಡ ಮುಚ್ಚಿತು, 1933ರಲ್ಲಿ ಲೀಗೇ ಇಲ್ಲವಾಯಿತು. ಅಷ್ಟರಲ್ಲಿ ಬೇಸ್‌ಬಾಲ್ ಮತ್ತು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ವರ್ಷದ ದಿನಗಳನ್ನೆಲ್ಲ ಹಂಚಿಕೊಂಡಿದ್ದವು. ನಲವತ್ತೈದು ನಿಮಿಷ ನಿಲ್ಲದೆ ಓಡುವ ಆಟದಲ್ಲಿ ಜಾಹೀರಾತಿಗೆ ಸಂದು ಸಿಗದೆ ಟಿ.ವಿ. ಕಂಪನಿಗಳೂ ಹಿಂಜರಿದವು. ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಪಂದ್ಯಕ್ಕೆ 1977ರ ಆಗಸ್ಟ್ 14ರಂದು 77,691 ಜನ ಸೇರಿದ್ದರು. ಏಳೇ ವರ್ಷಕ್ಕೆ, 1984ರ ಋತುವಿನೊಂದಿಗೆ, ಕಾಸ್ಮಾಸ್ ಆಡುತ್ತಿದ್ದ ಲೀಗ್ ಕೂಡ ಮುಗಿಯಿತು. ತಾರೆಯೊಬ್ಬ ಜನರನ್ನು ಕರೆತರಬಲ್ಲ, ಅವನು ಹೋದಮೇಲೂ ಜನ ಬರಬೇಕಾದರೆ ಊರಿಗೊಂದು ತಂಡ ಬೇಕು. 1996ರಲ್ಲಿ ಆರಂಭವಾದ ಈಗಿನ ಲೀಗ್ ನಿಧಾನವಾಗಿ ಆ ಕೆಲಸ ಮಾಡುತ್ತಿದೆ.

ಪೆಲೆಯನ್ನು ಮರೆಯದ ಕೇರಿ ಬೆಂಗಳೂರಿನಲ್ಲೂ ಇದೆ. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. ವಿಶ್ವಕಪ್ ಬಂತೆಂದರೆ ಓಣಿಯ ತುಂಬ ಬ್ರೆಜಿಲ್‌ನ ಹಳದಿ–ಹಸಿರು ಬಾವುಟ.

ದಂಡಿನಾಚೆಯ ಕನ್ನಡ ಸೀಮೆಗೆ ಈ ಪರಂಪರೆ ಅಷ್ಟಾಗಿ ಹಬ್ಬಲಿಲ್ಲ.  

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅದರ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಸಂತೋಷ್ ಟ್ರೋಫಿ 54 ವರ್ಷಗಳ ಮೇಲೆ ಮರಳಿ ಬಂತು. ಅದೇ ವರ್ಷದ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಪೆನಾಲ್ಟಿಯಲ್ಲಿ ಕುವೈತನ್ನು ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್ ಆಯಿತು. ಆದರೆ ಕಂಠೀರವ ಅಥ್ಲೆಟಿಕ್ಸ್ ಕ್ರೀಡಾಂಗಣ. ಓಟದ ಟ್ರ್ಯಾಕ್ ನಡುವೆ ಬಂದು ನೋಡುಗರು ಆಟದಿಂದ ದೂರ ಕೂರಬೇಕು. ಹತ್ತಿರದಲ್ಲೇ ಕ್ರಿಕೆಟ್ಟಿಗೆ ಚಿನ್ನಸ್ವಾಮಿ ಕ್ರೀಡಾಂಗಣವಿದೆ. ಫುಟ್‌ಬಾಲಿಗಷ್ಟೇ ಮೀಸಲಾದದ್ದು ಅಶೋಕನಗರದ ಚಿಕ್ಕ ಮೈದಾನ.