ಬಸಿರಿನಲ್ಲಿ ಓಪಿಯಾಯ್ಡ್: ಕೂಸಿನ ಮಿದುಳಿನ ಮೇಲೆ ಅದರ ಪರಿಣಾಮ, ಚಿಕಿತ್ಸೆ

ಯಾವ ಮದ್ದುಗಳು ಇವು

ಅಫೀಮು, ಅದರಿಂದ ಬರುವ ಮಾರ್ಫಿನ್, ಕೊಡೀನ್, ಹೆರಾಯಿನ್, ಕಾರ್ಖಾನೆಯಲ್ಲೇ ತಯಾರಾಗುವ ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟಾನಿಲ್ ಎಲ್ಲವೂ ಓಪಿಯಾಯ್ಡ್ ಗುಂಪಿಗೆ ಸೇರಿದವು. ಆಪರೇಷನ್ ಆದವರಿಗೆ, ಕ್ಯಾನ್ಸರ್ ರೋಗಿಗಳಿಗೆ ಇವು ಬೇಕೇ ಬೇಕು. ಚಟ ಹತ್ತಿಸುವುದರಲ್ಲೂ ಇವು ಹಿಂದೆ ಬಿದ್ದಿಲ್ಲ. ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಹೆಂಗಸರು ಕಡಿಮೆ. ಆದರೆ ಸೊಂಟನೋವಿಗೆಂದು ಶುರುವಾದ ಮಾತ್ರೆ ವರ್ಷಗಟ್ಟಲೆ ಮುಂದುವರಿದರೆ ಅದನ್ನು ಚಟವೆಂದು ಯಾರೂ ಕರೆಯುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಟ್ರಮಡಾಲ್ ಮಾದಕವಸ್ತು ಕಾಯ್ದೆಯಡಿ ಬಂದದ್ದೇ 2018ರಲ್ಲಿ.

ಗರ್ಭದೊಳಗೆ ನಡೆಯುವುದು

ಈ ಮದ್ದುಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಹಾಗಾಗಿ ಮಾಸನ್ನು ದಾಟಿ ಕೂಸಿನ ರಕ್ತ ಸೇರುವುದು, ಅಲ್ಲಿಂದ ಮಿದುಳಿಗೆ ಏರುವುದು ಕಷ್ಟವಲ್ಲ. ಮಿದುಳಿನಲ್ಲಿ ಅವಕ್ಕೆ ಹಿಡಿತ ಸಿಗುವ ಗ್ರಾಹಕಗಳು ಹುಟ್ಟುವ ಮೊದಲೇ ಇರುತ್ತವೆ. ದೇಹವೇ ತಯಾರಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳಿಗಾಗಿ ಇರುವ ಗ್ರಾಹಕಗಳು ಅವು. ನರಕೋಶಗಳು ಎಷ್ಟು ಹುಟ್ಟಬೇಕು, ಯಾವಾಗ ಬಲಿಯಬೇಕು ಎನ್ನುವುದರಲ್ಲಿ ಈ ವ್ಯವಸ್ಥೆಗೂ ಕೈಯಿದೆ. ಹೊರಗಿನ ಮದ್ದು ಅದೇ ಗ್ರಾಹಕಗಳ ಮೇಲೆ ತಿಂಗಳುಗಟ್ಟಲೆ ಕೂತರೆ ಆ ಲೆಕ್ಕ ಏರುಪೇರಾಗುತ್ತದೆ. ನರತಂತುಗಳಿಗೆ ಮಯಲಿನ್ ಪೊರೆ ಸುತ್ತುವ ಕೋಶಗಳು ಬಲಿಯುವ ವೇಳಾಪಟ್ಟಿ ಬದಲಾಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ವಿಚಿತ್ರವೆಂದರೆ, ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಬಳಸುವ ಬುಪ್ರೆನಾರ್ಫಿನ್ ಕೂಡ ಇಲಿಮರಿಗಳಲ್ಲಿ ಈ ಕೆಲಸದ ವೇಗವನ್ನು ಬದಲಿಸಿತು.

ಗರ್ಭದಲ್ಲೇ ಈ ಮದ್ದು ಸೋಕಿದ ಮನುಷ್ಯರ ಕೂಸುಗಳ ಎಂಆರ್‌ಐಗಳಲ್ಲಿ ಮಿದುಳಿನ ಗಾತ್ರ, ಅದರಲ್ಲೂ ಒಳಭಾಗದ ಕೆಲವು ನರಗಂಟುಗಳ ಗಾತ್ರ, ಸರಾಸರಿಗಿಂತ ಚಿಕ್ಕದಾಗಿ ಕಂಡಿದೆ. ಈ ಫಲಿತಾಂಶವನ್ನು ಅವಸರದಲ್ಲಿ ಓದಬಾರದು. ಈ ತಾಯಂದಿರಲ್ಲಿ ಬಹುಮಂದಿ ಬೀಡಿ-ಸಿಗರೇಟು ಸೇದುವವರು, ಸರಿಯಾದ ಊಟವಿಲ್ಲದವರು, ತಿಂಗಳ ತಪಾಸಣೆಗೂ ಹೋಗದವರು. ಮಿದುಳು ಚಿಕ್ಕದಾದದ್ದು ಯಾವುದರಿಂದ ಎಂದು ಚಿತ್ರ ಹೇಳುವುದಿಲ್ಲ.

ಒಮ್ಮೆಲೇ ಬಿಡಿಸುವ ಅಪಾಯ

ಬಸುರಿ ಎಂದು ಗೊತ್ತಾದೊಡನೆ ಮನೆಯವರು ಮಾಡುವ ಮೊದಲ ಕೆಲಸ ಮಾತ್ರೆ ಬಚ್ಚಿಡುವುದು. ಮರ್ಯಾದೆಯ ದೃಷ್ಟಿಯಿಂದ ಅದು ಸರಿ ಕಾಣಬಹುದು, ವೈದ್ಯಕೀಯವಾಗಿ ತಪ್ಪು. ಮದ್ದು ಥಟ್ಟನೆ ನಿಂತಾಗ ತಾಯಿ ಪಡುವ ಸಂಕಟವನ್ನೇ ಕೂಸೂ ಪಡುತ್ತದೆ. ಗರ್ಭ ಇಳಿಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಹೀಗೆ ಬಿಟ್ಟವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಮತ್ತೆ ಹಳೆಯ ಮದ್ದಿಗೆ ಮರಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿದ್ದು ಬೇರೆ: ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಕೊಟ್ಟು ಬಸುರಿಯನ್ನು ಸ್ಥಿರವಾಗಿಡಿ. ಎರಡೂ ಓಪಿಯಾಯ್ಡ್‌ಗಳೇ. ಆದರೆ ರಕ್ತದಲ್ಲಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದರಿಂದ ಕೂಸಿಗೆ ದಿನಕ್ಕೆ ಹಲವು ಸಲ ಏರಿಳಿತದ ಹೊಡೆತ ಬೀಳುವುದಿಲ್ಲ. 2010ರಲ್ಲಿ ಪ್ರಕಟವಾದ ‘ಮದರ್’ ಅಧ್ಯಯನ ಇವೆರಡನ್ನು ಹೋಲಿಸಿತು. ಬುಪ್ರೆನಾರ್ಫಿನ್ ಪಡೆದವರ ಕೂಸುಗಳು ಆಸ್ಪತ್ರೆಯಲ್ಲಿ ಸರಾಸರಿ 10 ದಿನ ಇದ್ದರೆ ಮೆಥಡೋನ್ ಪಡೆದವರ ಕೂಸುಗಳು 17.5 ದಿನ ಇದ್ದವು. ಮೂರು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ ಎರಡೂ ಗುಂಪಿನ ಮಕ್ಕಳ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮ ರಾಜ್ಯದಲ್ಲಿ ಈ ಚಿಕಿತ್ಸೆಗೆ ಮೊದಲು ನೆನಪಾಗುವ ಜಾಗ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಮಾನಸಿಕ ತೊಂದರೆಯಿರುವ ಬಾಣಂತಿಯನ್ನು ಕೂಸಿನೊಂದಿಗೇ ಇಟ್ಟುಕೊಳ್ಳುವ ತಾಯಿ-ಮಗು ವಾರ್ಡೂ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ಮೂರನೇ ದಿನದ ಅಳು

ಹೆರಿಗೆಯಾಗಿ ಹೊಕ್ಕುಳಬಳ್ಳಿ ಕತ್ತರಿಸಿದಾಗ ಕೂಸಿಗೆ ಬರುತ್ತಿದ್ದ ಮದ್ದೂ ನಿಲ್ಲುತ್ತದೆ. ಹೆರಾಯಿನ್ ಆಗಿದ್ದರೆ ಮದ್ದು ತಪ್ಪಿದ್ದರಿಂದ ಬರುವ ವಿತ್‌ಡ್ರಾಯಲ್ ಲಕ್ಷಣ ಒಂದು ದಿನದೊಳಗೇ ಕಾಣಿಸುವುದುಂಟು. ಬುಪ್ರೆನಾರ್ಫಿನ್, ಮೆಥಡೋನ್ ಆಗಿದ್ದರೆ ಎರಡು-ಮೂರು ದಿನ, ಕೆಲವೊಮ್ಮೆ ಇನ್ನೂ ತಡ. ಕಿರುಚಿದಂಥ ಅಳು, ಕೈಕಾಲು ನಡುಕ, ಮೈ ಬಿಗಿತ, ಬಿಟ್ಟುಬಿಟ್ಟು ಸೀನು, ಆಕಳಿಕೆ, ಬೆವರು, ಭೇದಿ. ಹಸಿದು ಮುಷ್ಟಿ ಚೀಪುತ್ತದೆ, ಮೊಲೆಗೆ ಹಾಕಿದರೆ ಕಚ್ಚಿಕೊಳ್ಳಲಾಗದೆ ಮತ್ತೆ ಅಳುತ್ತದೆ. ಕೆಲವು ಕೂಸುಗಳಿಗೆ ಫಿಟ್ಸ್ ಕೂಡ ಬರುತ್ತದೆ.

ತೊಡಕು ಇರುವುದು ಇಲ್ಲೇ. ಸಹಜ ಹೆರಿಗೆಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ನಿಯಮದ ಪ್ರಕಾರ ಇರಬೇಕಾದ್ದು 48 ಗಂಟೆ. ಬುಪ್ರೆನಾರ್ಫಿನ್ ಪಡೆದ ತಾಯಿಯ ಕೂಸಿನ ಮೇಲೆ ಕಣ್ಣಿಡಬೇಕಾದ್ದು ನಾಲ್ಕರಿಂದ ಏಳು ದಿನ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹೆಣ್ಣುಮಗಳು ಬಾಣಂತನಕ್ಕೆ ತವರಾದ ಸೋಮನಾಥಪುರಕ್ಕೆ ಬಂದು, ತಿ. ನರಸೀಪುರದಲ್ಲಿ ಹೆತ್ತು, ಮೂರನೇ ದಿನ ಮನೆ ಸೇರಿದಳೆನ್ನಿ. ಅಳು ಶುರುವಾಗುವುದು ಮನೆಯಲ್ಲಿ. ಅಜ್ಜಿಗೆ ಅದು ದೃಷ್ಟಿಯೋ, ಹೊಟ್ಟೆನೋವೋ, ಬಾಲಗ್ರಹವೋ ಆಗಿ ಕಾಣುತ್ತದೆ. ಬಜೆ ತೇಯುತ್ತಾರೆ, ಇಳಿ ತೆಗೆಯುತ್ತಾರೆ. ಬೆಂಗಳೂರಿನ ಮಾತ್ರೆಯ ವಿಷಯ ತವರಿಗೇ ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ದೂರಿ ಫಲವಿಲ್ಲ. ತಾಯಿ ಕಾರ್ಡಿನಲ್ಲಿ ಮದ್ದಿನ ಹೆಸರು, ಪ್ರಮಾಣ ಬರೆಸಿಕೊಂಡರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಹೆರಿಗೆಗೆ ಮೊದಲೇ ಏರ್ಪಾಡು ಮಾಡಬಹುದು. ಆಶಾ ಕಾರ್ಯಕರ್ತೆ ನವಜಾತ ಶಿಶುವನ್ನು ನೋಡಲು 3 ಮತ್ತು 7ನೇ ದಿನ ಮನೆಗೆ ಬರಬೇಕೆಂದಿದೆ. ಈ ಲಕ್ಷಣಗಳು ಕಾಣುವ ದಿನಗಳೂ ಅವೇ.

ಕೂಸಿನ ಆರೈಕೆ

1975ರಲ್ಲಿ ಅಮೆರಿಕದ ವೈದ್ಯೆ ಲೊರೆಟಾ ಫಿನೆಗನ್ ಮತ್ತು ಸಂಗಡಿಗರು ಪ್ರತಿ ಲಕ್ಷಣಕ್ಕೂ ಅಂಕ ಕೊಡುವ ಪಟ್ಟಿ ಮಾಡಿದರು. ಅಂಕ ಮಿತಿ ದಾಟಿದರೆ ಬಾಯಿಗೆ ಮಾರ್ಫಿನ್ ಹನಿ. ದಶಕಗಳ ಕಾಲ ನಡೆದದ್ದು ಇದೇ. ಈಚಿನ ಕ್ರಮದಲ್ಲಿ ಮೂರೇ ಪ್ರಶ್ನೆ: ಕೂಸು ಹಾಲು ಕುಡಿಯುತ್ತಿದೆಯೇ, ನಿದ್ರಿಸುತ್ತಿದೆಯೇ, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ? ಮಂದ ಬೆಳಕು, ಬಟ್ಟೆಯಲ್ಲಿ ಸುತ್ತುವುದು, ತಾಯಿಯ ಎದೆಗೆ ಒತ್ತಿಡುವುದು ಮೊದಲ ಮದ್ದು. 2023ರಲ್ಲಿ ಈ ಕ್ರಮವನ್ನು ಹಳೆಯದರೊಡನೆ ಹೋಲಿಸಿದ 26 ಆಸ್ಪತ್ರೆಗಳ ಅಧ್ಯಯನದ ಫಲಿತಾಂಶ ಬಂತು: ಮನೆಗೆ ಹೋಗಲು ಸಿದ್ಧವಾಗುವ ಅವಧಿ 14.9 ದಿನದಿಂದ 8.2ಕ್ಕೆ ಇಳಿದಿತ್ತು, ಔಷಧ ಬೇಕಾದ ಕೂಸುಗಳು ಶೇ 52ರಿಂದ ಶೇ 19.5ಕ್ಕೆ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಿ ಬೇರೆ ಅಡ್ಡಿಯಿಲ್ಲದಿದ್ದರೆ ಮೊಲೆಯೂಡಿಸಬಹುದು.

ಬೆಳೆದ ಮೇಲೆ

ವಿತ್‌ಡ್ರಾಯಲ್ ಮುಗಿದರೂ ಕೆಲವು ಮಕ್ಕಳಲ್ಲಿ ಗಮನ ನಿಲ್ಲದಿರುವುದು, ಮಾತು ತಡವಾಗುವುದು, ಮೆಳ್ಳೆಗಣ್ಣು ಕಾಣಿಸುತ್ತವೆ. ಎಲ್ಲಕ್ಕೂ ಮದ್ದೇ ಕಾರಣವೇ? ಜೆರುಸಲೇಮಿನ ಆಷರ್ ಓರ್ನೋಯ್ ತಂಡ 1990ರ ದಶಕದಲ್ಲಿ ಹೆರಾಯಿನ್ ಚಟದ ತಾಯಂದಿರ ಮಕ್ಕಳನ್ನು ಪರೀಕ್ಷಿಸಿತು. ಹೆತ್ತವರ ಮನೆಯಲ್ಲೇ ಬೆಳೆದವರು ಬುದ್ಧಿ ಪರೀಕ್ಷೆಯಲ್ಲಿ ಹಿಂದಿದ್ದರು; ಎಳವೆಯಲ್ಲೇ ದತ್ತು ಹೋದವರು ಹೆಚ್ಚುಕಡಿಮೆ ಇತರ ಮಕ್ಕಳಂತೆಯೇ ಇದ್ದರು, ಚಂಚಲತೆ ಮಾತ್ರ ಉಳಿದಿತ್ತು. ತಾಯಿ ಮದ್ದು ಮುಟ್ಟದೆ ತಂದೆ ಮಾತ್ರ ಚಟಕ್ಕೆ ಬಿದ್ದಿದ್ದ ಮನೆಯ ಮಕ್ಕಳೂ ಹಿಂದುಳಿದಿದ್ದರು. ಬಸುರಿಯೊಬ್ಬಳನ್ನೇ ಕಟಕಟೆಗೆ ಏರಿಸುವವರು ಈ ಕೊನೆಯ ಗುಂಪನ್ನು ಗಮನಿಸಬೇಕು.

ಇಂಥ ಮಗುವಿಗೆ ಆರು ವರ್ಷದವರೆಗಾದರೂ ಬೆಳವಣಿಗೆಯ ತಪಾಸಣೆ ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ನೋಡುತ್ತವೆ, ಅನುಮಾನವಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತವೆ. ಮಾತು, ಶ್ರವಣದ ವಿಷಯದಲ್ಲಿ ಮೈಸೂರು ಸೀಮೆಯವರಿಗೆ ಒಂದು ಅನುಕೂಲ ಹೆಚ್ಚು: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ.